ದೋಣಿಯ ಒಡಲಿನ ಅಂಕಿತ

ಅಮೆರಿಕದ ಬಂದರುಗಳಲ್ಲಿ ಹಳೆಯ ಹಾಯಿದೋಣಿಯೊಂದನ್ನು ಕೊಳ್ಳಹೋದವನ ಕಣ್ಣು ಮೊದಲು ಬೀಳುವುದು ಹಾಯಿಗಂಬದ ಮೇಲೆ, ಹಿಂಬದಿಯ ಹಲಗೆಯಲ್ಲಿ ಬರೆದ ಚೆಲುವಾದ ಹೆಸರಿನ ಮೇಲೆ. ಬಲ್ಲವನಾದರೋ ಬಗ್ಗಿ, ಅದೇ ಹಲಗೆಯ ಬಲಮೂಲೆಯನ್ನು ಬೆರಳಿನಿಂದ ಸವರಿ ನೋಡುತ್ತಾನೆ.

1972ರ ನವೆಂಬರ್ 1ರಿಂದೀಚೆಗೆ ಕಟ್ಟಿದ ವಿಹಾರದೋಣಿಗಳು ಆ ಎಡೆಯಲ್ಲಿ 12 ಅಕ್ಷರಾಂಕಗಳ ಗುರುತನ್ನು ಹೊತ್ತಿರಬೇಕೆಂಬುದು ಅಲ್ಲಿಯ ವಿಧಿ. ಮೊದಲ ಮೂರು ಕಟ್ಟಿದವನ ಸಂಕೇತ. ನಡುವಿನ ಐದು ದೋಣಿಯ ಕ್ರಮಸಂಖ್ಯೆ. ಕಡೆಯ ನಾಲ್ಕು ಅದರ ಕಾಲ. ಕಾಲವನ್ನು ಸೂಚಿಸುವ ಕ್ರಮ 1984ರಲ್ಲಿ ಬದಲಾಯಿತು. ಶಾಸನ ಓದುವವನಂತೆ ಇಲ್ಲಿಯೂ ಬರೆದ ಕಾಲವನ್ನರಿತೇ ಓದಬೇಕು.

ಈ ಗುರುತಿಗೂ ಮಾರುವವನ ಕೈಯ ಪತ್ರಕ್ಕೂ ಒಂದಕ್ಷರ ಹೊಂದದಿದ್ದರೂ ಮುಂಗಡ ಕೊಡಲಾಗದು. ಕಡಲ ನ್ಯಾಯದ ಕಟ್ಟಳೆ ವಿಚಿತ್ರವಾದುದು: ಋಣವು ಒಡೆಯನೊಡನೆ ಹೋಗದೆ ದೋಣಿಗೇ ಅಂಟಿಕೊಂಡಿರುತ್ತದೆ. ಹಿಂದಿನವನು ದುರಸ್ತಿಯ ಹಣ ತೆರದೆ ಹೋಗಿದ್ದರೆ, ಏನನ್ನೂ ಅರಿಯದೆ ಕೊಂಡವನ ದೋಣಿ ಜಪ್ತಿಯಾದೀತು! ನಾವು ನಿವೇಶನಕ್ಕೆ ಋಣಭಾರ ಪತ್ರ ತರಿಸುವಂತೆ, ಕರಾವಳಿ ರಕ್ಷಣಾ ದಳದಲ್ಲಿ ದಾಖಲಾದ ದೋಣಿಗೆ ಒಡೆತನ, ಅಡಮಾನಗಳ ಸಾರಪತ್ರವನ್ನು ತರಿಸಬಹುದು. ಐದು ಟನ್ನಿಗೆ ಕಡಮೆಯಾದುದಕ್ಕೆ ಆ ದಾಖಲೆಯಿಲ್ಲ. ಈ ಟನ್ನು ತೂಕವಲ್ಲ, ಒಳಗಿನ ಅವಕಾಶದ ಅಳತೆ. ಬರೆಯಿಸದ ಬಾಕಿ ಸಾರಪತ್ರದಲ್ಲಿಯೂ ಕಾಣದು. ಅದಕ್ಕೆ ಹಳೆಯ ರಸೀದಿಗಳನ್ನೇ ಕೇಳಬೇಕು.

1972ಕ್ಕೆ ಹಿಂದಿನ ದೋಣಿಯಲ್ಲಿ ಹಿಂಬದಿಯ ಗುರುತು ಇರಲಿಕ್ಕಿಲ್ಲ. ದಾಖಲಾದುದಾದರೆ ಒಳಗಿನ ತೊಲೆಯೊಂದರಲ್ಲಿ, 3 ಅಂಗುಲಕ್ಕೆ ಕಡಮೆಯಿಲ್ಲದ ಅಂಕೆಗಳಲ್ಲಿ, ಸರಕಾರಿ ಸಂಖ್ಯೆ ಇರಬೇಕು. ಬೆಲೆಯ ಮಾತಿಗೆ ಮುನ್ನ ದೀಪ ಹಿಡಿದು ಒಳಗಿಳಿದು ಅದನ್ನು ಓದಿಕೊಳ್ಳಬೇಕು.