ಓಮ್ನಿಯ ಪಂಪಿಗೊಂದು ಕಾವಲು

ಮನೆಯಿಂದ ಎರಡು ಕಿಲೋಮೀಟರ್ ದೂರದ ಗುಡ್ಡದಲ್ಲಿ ನಮ್ಮ 140 ಅಡಿಕೆ ಸಸಿಗಳಿವೆ. ಅಲ್ಲಿ ಕರೆಂಟಿಲ್ಲ, ಬಾವಿಯೂ ಇಲ್ಲ. ನೀರು ಹೊರಲು ಜನ ಸಿಗುವುದಿಲ್ಲ. ಹಳೆಯ ಓಮ್ನಿಯ ಹಿಂದಿನ ಸೀಟು ತೆಗೆದು 300 ಲೀಟರಿನ ಟ್ಯಾಂಕ್ ಇಟ್ಟೆ. 12 ವೋಲ್ಟಿನ ಚಿಕ್ಕ ಪಂಪನ್ನು ನೇರ ಬ್ಯಾಟರಿಗೆ ಸಿಕ್ಕಿಸಿದೆ. ಸಸಿಗೆ 8 ಲೀಟರಿನಂತೆ ನಾಲ್ಕು ಟ್ರಿಪ್ಪಿನಲ್ಲಿ ಕೆಲಸ ಮುಗಿಯುತ್ತಿತ್ತು.

ತೊಂದರೆ ಒಂದೊಂದಾಗಿ ಬಂತು. ಇಂಜಿನ್ ಬಂದ್ ಮಾಡಿ ಪಂಪು ಓಡಿಸಿದ್ದರಿಂದ ಬ್ಯಾಟರಿ ಡೌನ್ ಆಯಿತು, ಓಮ್ನಿಯನ್ನು ದೂಡಿ ಸ್ಟಾರ್ಟ್ ಮಾಡಬೇಕಾಯಿತು. ಇನ್ನೊಮ್ಮೆ ಟ್ಯಾಂಕ್ ಖಾಲಿಯಾದದ್ದು ಗೊತ್ತಾಗದೆ, ನೀರಿಲ್ಲದೆ ಓಡಿ ಪಂಪೇ ಹಾಳಾಯಿತು.

ಮೂರನೆಯದನ್ನು ನೆನೆದರೆ ಈಗಲೂ ಎದೆ ಹೊಡೆದುಕೊಳ್ಳುತ್ತದೆ. ನಾನು ಪೈಪು ಹಿಡಿದು ಕೆಳಗಿನ ಸಾಲಿನಲ್ಲಿದ್ದೆ. ಅಣ್ಣನ ಆರು ವರ್ಷದ ಮಗ ಎದುರಿನ ಸೀಟಿನಲ್ಲಿದ್ದ. "ಚಿಕ್ಕಪ್ಪಾ, ಹೊಗೆ ಬರ್ತಾ ಉಂಟು" ಎಂದು ಕೂಗಿದ. ಓಡಿ ಬಂದು ಹುಡುಗನನ್ನು ಇಳಿಸಿ, ಬ್ಯಾಟರಿಯ ವಯರ್ ಕಿತ್ತೆ. ತಗಡಿನ ತೂತಿನ ಅಂಚಿಗೆ ಉಜ್ಜಿ ವಯರಿನ ಸಿಪ್ಪೆ ಹೋಗಿತ್ತು. ಪೆಟ್ರೋಲ್ ಗಾಡಿ ಬೇರೆ!

ಪೇಟೆಯ ಆಟೋ ಎಲೆಕ್ಟ್ರಿಷನ್ ನೋಡಿ, "ಎಂತ ಮಾರಾಯ್ರೇ, ಫ್ಯೂಸೇ ಇಲ್ವಾ? ಫ್ಯೂಸು ಇರುವುದು ಪಂಪಿಗಲ್ಲ, ವಯರಿಗೆ" ಎಂದರು. ಅವರ ಹತ್ತಿರ ಕೇಳಿ ತಿಳಿದು ನಾನೇ ಕಂಟ್ರೋಲರ್ ಜೋಡಿಸಿದೆ.

ಬೇಕಾದದ್ದು: ಕಾರಿನ 12 ವೋಲ್ಟ್, 30 ಆಂಪಿಯರ್ ರಿಲೇ, 15 ಮತ್ತು 3 ಆಂಪಿಯರಿನ ಎರಡು ಫ್ಯೂಸ್, ಒಂದು ಸ್ವಿಚ್, ಟ್ಯಾಂಕಿಗೆ ಫ್ಲೋಟ್ ಸ್ವಿಚ್, 1ಎನ್4007 ಡಯೋಡ್, ಒಂದು ಪ್ಲಾಸ್ಟಿಕ್ ಡಬ್ಬಿ.

ಬ್ಯಾಟರಿಯ ಪ್ಲಸ್‌ನಿಂದ ಒಂದು ಗೇಣಿನೊಳಗೆ 15 ಆಂಪಿಯರ್ ಫ್ಯೂಸ್. ಅಲ್ಲಿಂದ ರಿಲೇಯ 30ನೇ ಕಾಲಿಗೆ, 87ರಿಂದ ಪಂಪಿಗೆ. ಪಂಪಿನ ಮೈನಸ್ ವಯರನ್ನು ಬಾಡಿಗೆ ಕೊಡದೆ ಬ್ಯಾಟರಿಗೇ ತಂದೆ. ತುಕ್ಕು ಹಿಡಿದ ತಗಡನ್ನು ನಂಬಬಾರದು.

ರಿಲೇ ಎಳೆಯುವ ಕರೆಂಟನ್ನು ಕೀ ಹಾಕಿದಾಗ ಮಾತ್ರ ಬರುವ ವಯರಿನಿಂದ ತೆಗೆದುಕೊಂಡೆ. ಅದು 3 ಆಂಪಿಯರ್ ಫ್ಯೂಸ್, ಸ್ವಿಚ್, ಫ್ಲೋಟ್ ದಾಟಿ 86ಕ್ಕೆ ಬರುತ್ತದೆ. 85 ಮೈನಸ್‌ಗೆ. ನೀರು ಇಳಿದರೆ ಫ್ಲೋಟ್ ಬಿಡುತ್ತದೆ, ಪಂಪು ನಿಲ್ಲುತ್ತದೆ. ಪಂಪಿನ 8 ಆಂಪಿಯರನ್ನು ಫ್ಲೋಟಿನ ಮೂಲಕವೇ ಹಾಯಿಸಿದರೆ ಅದರ ಸಣ್ಣ ಕಾಂಟ್ಯಾಕ್ಟ್ ಅಂಟಿಕೊಳ್ಳುತ್ತದೆ, ಅದಕ್ಕೇ ರಿಲೇ. ಡಯೋಡನ್ನು 85, 86ಕ್ಕೆ ಅಡ್ಡ ಹಾಕಿ, ಬಿಳಿ ಗೆರೆ 86ರ ಕಡೆಗಿರಲಿ. ತಿರುಗಾಮುರುಗಾ ಆದರೆ ಚಿಕ್ಕ ಫ್ಯೂಸ್ ಹೋಗುತ್ತದೆ.

ವಯರಿನಲ್ಲಿ ಜಿಪುಣತನ ಬೇಡ. ಬ್ಯಾಟರಿಯಿಂದ ಪಂಪಿಗೆ ಹೋಗಿಬರುವ ದಾರಿ 8 ಮೀಟರ್. ಹಿಂದಿನ 0.75 ಚದರ ಮಿಲಿಮೀಟರ್ ವಯರಿನಲ್ಲಿ ಸುಮಾರು ಒಂದೂವರೆ ವೋಲ್ಟ್ ದಾರಿಯಲ್ಲೇ ಹೋಗುತ್ತಿತ್ತು. 2.5 ಹಾಕಿದ ಮೇಲೆ ಅರ್ಧ ವೋಲ್ಟೂ ಹೋಗುವುದಿಲ್ಲ. ತಗಡಿನ ತೂತಿಗೆಲ್ಲ ರಬ್ಬರ್ ಬಳೆ ಹಾಕಿದ್ದೇನೆ.

ಜೋಡಿಸುವ ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿಡಿ. ಫ್ಲೋಟನ್ನು ಬಕೆಟ್ ನೀರಿನಲ್ಲಿ ಪರೀಕ್ಷಿಸಿ. ಕೆಲವು ತಲೆಕೆಳಗಾಗಿಟ್ಟರೆ ಉಲ್ಟಾ ಕೆಲಸ ಮಾಡುತ್ತವೆ. ಫ್ಯೂಸ್ ಹೋದರೆ ದೊಡ್ಡದು ಹಾಕಬೇಡಿ, ಕಾರಣ ಹುಡುಕಿ.

ಒಂದು ಕೊರತೆ ಉಳಿದಿದೆ. ಕೀ ಹಾಕಿ ಇಂಜಿನ್ ನಿಲ್ಲಿಸಿದರೂ ಪಂಪು ಓಡುತ್ತದೆ, ಬ್ಯಾಟರಿ ಇಳಿಯುತ್ತದೆ. ಹಾಗಾಗಿ ಇಂಜಿನ್ ಚಾಲೂ ಇದ್ದಾಗಲೇ ನೀರು ಬಿಡುತ್ತೇನೆ. ಇದಕ್ಕೆ ಸುಲಭದ ಉಪಾಯ ಕಂಡುಕೊಂಡವರು ಬರೆದು ತಿಳಿಸಿ. ಹುಡುಗ ಈಗಲೂ ಜೊತೆಗೆ ಬರುತ್ತಾನೆ. ಪಂಪು ಓಡುವಾಗ ಮಾತ್ರ ಅವನ ಜಾಗ ಗಾಡಿಯೊಳಗಲ್ಲ, ಮರದ ನೆರಳಿನಲ್ಲಿ.