ಮೊಬೈಲಿಗೆ ಮಸೂರ: ಕೊಳ್ಳುವ ಮುನ್ನ ತೋಟವನ್ನು ನೆನೆಯಿರಿ



ಎರಡು ವರ್ಷದ ಹಿಂದಿನ ಮಾತು. ನಮ್ಮ ತೋಟದಲ್ಲಿ ಮೃಗ ಬಹಾರದ ದಾಳಿಂಬೆ ನಿಂಬೆಗಾತ್ರಕ್ಕೆ ಬಂದಿತ್ತು. ಒಂದು ಮುಂಜಾನೆ ಕಾಯಿಗಳ ಮೇಲೆ ಸಣ್ಣ ಸಣ್ಣ ಚುಕ್ಕೆ ಕಂಡವು. ಮನೆಯ ಹುಡುಗ ಮೊಬೈಲಿನಲ್ಲಿ ಫೋಟೋ ತೆಗೆದು ಔಷಧದ ಅಂಗಡಿಗೆ ಕಳಿಸಿದ. ಫೋಟೋದಲ್ಲಿ ಕಾಯಿ ಮಸುಕು, ಹಿಂದಿನ ಬದು ಮಾತ್ರ ಸ್ಪಷ್ಟ! 'ಥ್ರಿಪ್ಸ್ ಇದ್ದೀತು' ಎಂದು ಉತ್ತರ ಬಂತು. ನಾವೂ ನಂಬಿ ಎರಡು ಸಲ ಕೀಟನಾಶಕ ಹೊಡೆದೆವು. ಹದಿನೈದು ದಿನದಲ್ಲಿ ಚುಕ್ಕೆಗಳು ಕಪ್ಪಾಗಿ ಹರಡಿ, ಕಾಯಿಗಳು ಸೀಳತೊಡಗಿದವು. ಅದು ತೇಲ್ಯಾ, ಅಂದರೆ ದುಂಡಾಣು ಅಂಗಮಾರಿ ರೋಗ. ಕೀಟದ ಔಷಧಕ್ಕೆ ದುಂಡಾಣು ಸಾಯುವುದಿಲ್ಲ. ಔಷಧದ ದುಡ್ಡೂ ಹೋಯಿತು, ಕೈಗೆ ಬರಬೇಕಿದ್ದ ಮಾಲೂ ಹೋಯಿತು. ಅಂಗಡಿಯವರನ್ನು ದೂರಿ ಫಲವೇನು? ನಾವು ತೋರಿಸದೇ ಇದ್ದದ್ದನ್ನು ಅವರು ಹೇಗೆ ಕಂಡಾರು!

ಈ ಸಂಚಿಕೆಯಲ್ಲಿ ಮೊಬೈಲಿಗೆ ಸಿಕ್ಕಿಸುವ ಮಸೂರಗಳ ಬಗ್ಗೆ ಬರೆಯಲು ಇದೇ ಕಾರಣ. ನಮ್ಮ ಉಮದಿ, ಸಂಖ, ಬಿಳೂರ, ಮಾಡಗ್ಯಾಳ ಕಡೆಯ ಹುಡುಗರು ಜಾತ್ರೆ, ಮದುವೆಯ ವಿಡಿಯೋಕ್ಕೆಂದು ಇವನ್ನು ತರಿಸಿಕೊಳ್ಳುವುದನ್ನು ನೋಡಿದ್ದೇವೆ. ಒಂದು ಡಬ್ಬಿಯಲ್ಲಿ ಮೂರೋ ನಾಲ್ಕೋ ಮಸೂರ ಬರುತ್ತವೆ. ಅವುಗಳಲ್ಲಿ ರೈತನ ಮನೆಗೆ ಬೇಕಾದದ್ದು ಒಂದೇ ಎಂಬುದು ನಮ್ಮ ಅಭಿಪ್ರಾಯ.

ಅಗಲ ನೋಟದ ಮಸೂರವು ಚಿಕ್ಕ ಕೋಣೆಯಲ್ಲಿ ಇಡೀ ಮನೆಮಂದಿಯನ್ನು ಒಂದೇ ಚಿತ್ರದಲ್ಲಿ ಹಿಡಿಯುತ್ತದೆ. ಆದರೆ ಅಂಚಿನಲ್ಲಿ ನಿಂತವರ ಮುಖ ಜಗ್ಗಿದಂತೆ ಕಾಣುತ್ತದೆ. ಈಗಿನ ಎಷ್ಟೋ ಮೊಬೈಲಿನಲ್ಲಿ ಇಂಥ ಕ್ಯಾಮರಾ ಮೊದಲೇ ಇರುತ್ತದೆ. ಮೀನಿನ ಕಣ್ಣಿನಂಥದ್ದು ಮಕ್ಕಳ ಆಟಕ್ಕೆ ಸರಿ. ದೂರದ್ದನ್ನು ಹತ್ತಿರ ತರುವ ಅಗ್ಗದ ಮಸೂರದಲ್ಲಿ ಮೂಲೆಗಳು ಕಪ್ಪಾಗುತ್ತವೆ, ಸ್ವಲ್ಪ ಕೈ ನಡುಗಿದರೂ ಚಿತ್ರ ಕಲಸಿಹೋಗುತ್ತದೆ.

ಉಳಿಯುವುದು ಹತ್ತಿರದ್ದನ್ನು ಹಿಗ್ಗಿಸಿ ತೋರಿಸುವ ಮ್ಯಾಕ್ರೋ ಮಸೂರ. ಸಾಮಾನ್ಯ ಮೊಬೈಲಿನ ಮುಖ್ಯ ಕ್ಯಾಮರಾ ಎಂಟು-ಹತ್ತು ಸೆಂಟಿಮೀಟರಿಗಿಂತ ಹತ್ತಿರವಿದ್ದದ್ದನ್ನು ಸ್ಪಷ್ಟವಾಗಿ ಹಿಡಿಯಲಾರದು. ಥ್ರಿಪ್ಸ್ ಹುಳದ ಉದ್ದವೋ ಸುಮಾರು ಒಂದು ಮಿಲಿಮೀಟರು. ದ್ರಾಕ್ಷಿ ಎಲೆಯ ಅಡಿಯಲ್ಲಿ ಕೂತು ರಸ ಹೀರುವ ಮೈಟ್ ನುಸಿ ಅದರ ಅರ್ಧದಷ್ಟೂ ಇರುವುದಿಲ್ಲ. ಇವನ್ನು ಕಾಣಬೇಕಾದರೆ ಕ್ಯಾಮರಾದ ಕಣ್ಣಿಗೂ ಕನ್ನಡಕ ಬೇಕು. ಮಸೂರದಿಂದ ಅಕ್ಷರ ದೊಡ್ಡದಾಗಿ ಕಾಣುತ್ತದೆ, ಮುದುಕರಿಗೆ ಉಪಯೋಗವಾದೀತು ಎಂದು ಫ್ರಾನ್ಸಿಸ್ಕನ್ ಸಭೆಯ ಸನ್ಯಾಸಿ ರೋಜರ್ ಬೇಕನ್ 1267ರ ಸುಮಾರಿಗೆ ಪೋಪ್ ನಾಲ್ಕನೆಯ ಕ್ಲೆಮೆಂಟರಿಗೆ ಕಳಿಸಿದ ಗ್ರಂಥದಲ್ಲೇ ಬರೆದಿದ್ದರು. ಈ ಉಪಾಯ ಇಂದಿನದಲ್ಲ.

ಕೊಳ್ಳುವಾಗ ಡಬ್ಬಿಯ ಮೇಲಿನ ದೊಡ್ಡ ಅಂಕಿಗೆ ಮರುಳಾಗಬೇಡಿ. 10 ಪಟ್ಟು ಎಂದಿರುವ ಮಸೂರವನ್ನು ಎಲೆಯಿಂದ ಸುಮಾರು ಎರಡೂವರೆ ಸೆಂಟಿಮೀಟರ್ ದೂರ ಹಿಡಿಯಬೇಕು. 20 ಪಟ್ಟಿನದಾದರೆ ಒಂದೂಕಾಲು ಸೆಂಟಿಮೀಟರ್ ಮಾತ್ರ; ಆಗ ಮೊಬೈಲಿನ ನೆರಳೇ ಎಲೆಯ ಮೇಲೆ ಬೀಳುತ್ತದೆ, ಉಸಿರು ಬಿಟ್ಟರೂ ಚಿತ್ರ ಅಲುಗುತ್ತದೆ. ತೋಟದ ಕೆಲಸಕ್ಕೆ 10ರಿಂದ 15 ಪಟ್ಟು ಸಾಕು. ಮಸೂರ ಪ್ಲಾಸ್ಟಿಕ್ಕಿನದಲ್ಲ, ಗಾಜಿನದಿರಲಿ. ನಮ್ಮ ಧೂಳಿನಲ್ಲಿ ಪ್ಲಾಸ್ಟಿಕ್ ಒಂದೇ ಹಂಗಾಮಿಗೆ ಗೀರಿ ಮಂಜಾಗುತ್ತದೆ. ಕ್ಲಿಪ್ಪಿನ ಬಾಯಿ ಸಾಕಷ್ಟು ಉದ್ದವಿದ್ದು, ಮಸೂರವು ಮುಖ್ಯ ಕ್ಯಾಮರಾದ ನಟ್ಟನಡುವೆ ಕೂರಬೇಕು. ಎರಡು ಮೂರು ಕ್ಯಾಮರಾ ಇರುವ ಮೊಬೈಲಿನಲ್ಲಿ ಇದೇ ತೊಡಕು: ನೀವು ಒಂದು ಕಣ್ಣಿಗೆ ಮಸೂರ ಹಾಕಿದರೆ ಅದು ಇನ್ನೊಂದು ಕಣ್ಣಿನಿಂದ ನೋಡುತ್ತಿರುತ್ತದೆ! ಒಂದೊಂದಾಗಿ ಬೆರಳಿನಿಂದ ಮುಚ್ಚಿ ನೋಡಿ, ಯಾವುದು ಮುಖ್ಯವೆಂದು ತಿಳಿದುಕೊಳ್ಳಿ. ದಪ್ಪ ಕವರನ್ನು ಕಳಚಿ ಸಿಕ್ಕಿಸಿ.

ಅಂಗಡಿಯಲ್ಲೇ ಪರೀಕ್ಷೆ ಮಾಡುವುದು ಸುಲಭ. ವೃತ್ತಪತ್ರಿಕೆಯ ಸಣ್ಣ ಅಕ್ಷರದ ಫೋಟೋ ತೆಗೆಯಿರಿ. ನಡುವಿನ ಅಕ್ಷರ ಚೆನ್ನಾಗಿದ್ದು ಅಂಚಿನವು ಸ್ವಲ್ಪ ಮಸುಕಾದರೆ ಅಡ್ಡಿಯಿಲ್ಲ. ಅಕ್ಷರದ ಸುತ್ತ ನೀಲಿ-ಕೆಂಪು ಗೆರೆ ಎದ್ದು ಕಂಡರೆ ಅದನ್ನು ಬಿಡಿ. ರೋಗದ ಚುಕ್ಕೆಯ ಬಣ್ಣವನ್ನೂ ಅದು ಹೀಗೆಯೇ ಕೆಡಿಸುತ್ತದೆ. ದುಡ್ಡು ಹಾಕುವುದು ಬೇಡವೆನ್ನುವವರು ಅಕ್ಕಸಾಲಿಗರು ಕಣ್ಣಿಗೆ ಹಿಡಿಯುವಂಥ ಮಸೂರವನ್ನೇ ಕ್ಯಾಮರಾದ ಮುಂದೆ ಹಿಡಿದು ನೋಡಬಹುದು. ಎರಡು ಕೈ ಸಾಲದೆ ಕಷ್ಟವಾಗುತ್ತದೆ, ಅಷ್ಟೇ.

ಇನ್ನು ತೆಗೆಯುವ ಬಗೆ. ನಡುಹಗಲ ಬಿಸಿಲು ಬೇಡ, ಹೊಳಪಿನಲ್ಲಿ ಚುಕ್ಕೆ ಮುಚ್ಚಿಹೋಗುತ್ತದೆ. ಮುಂಜಾನೆಯ ಬೆಳಕು ಒಳ್ಳೆಯದು. ಗಾಳಿಯಿದ್ದರೆ ಎಲೆಯನ್ನು ಕಿತ್ತು ರಟ್ಟಿನ ಮೇಲಿಟ್ಟು, ಮೊಣಕೈಯನ್ನು ಮಂಡಿಗೆ ಊರಿ, ಮೊಬೈಲನ್ನು ಮೆಲ್ಲಗೆ ಹಿಂದೆ ಮುಂದೆ ಸರಿಸುತ್ತ ಹತ್ತು ಫೋಟೋ ತೆಗೆದರೆ ಒಂದಾದರೂ ಚೆನ್ನಾಗಿ ಬರುತ್ತದೆ. ಹುಳ ಓಡಾಡುತ್ತಿದ್ದರೆ ಹತ್ತು ಸೆಕೆಂಡಿನ ವಿಡಿಯೋ ಮೇಲು. ನಿಂತಾಗ ಧೂಳಿನಂತೆ ಕಾಣುವ ನುಸಿ ನಡೆದಾಡುವಾಗ ಗುರುತು ಸಿಗುತ್ತದೆ. ಎಲೆಯ ಅಡಿಭಾಗವನ್ನು ಮರೆಯಬೇಡಿ. ದ್ರಾಕ್ಷಿಯ ಡೌನಿ ಮೇಲೆ ಎಣ್ಣೆಯಂಥ ಹಳದಿ ಕಲೆ ಮಾಡಿ, ಬಿಳಿ ಬೂಷ್ಟನ್ನು ಅಡಿಯಲ್ಲಿ ಬೆಳೆಸುತ್ತದೆ. ದಾಳಿಂಬೆ ಎಲೆಯನ್ನು ಬೆಳಕಿಗೆ ಎತ್ತಿ ಹಿಡಿದು ತೆಗೆಯಿರಿ. ತೇಲ್ಯಾದ ಎಳೆಯ ಚುಕ್ಕೆಯ ಅಂಚು ನೀರಿನಲ್ಲಿ ನೆನೆದಂತೆ ಕಾಣುತ್ತದೆ. ಥ್ರಿಪ್ಸ್ ಕೆರೆದ ಕಾಯಿಯ ಸಿಪ್ಪೆಯಲ್ಲಿ ಹಾಗಲ್ಲ, ಕಂದು ಬಣ್ಣದ ಒರಟು ಹಕ್ಕಳೆ ಇರುತ್ತದೆ. ಅಂದು ಇಷ್ಟು ತಿಳಿದಿದ್ದರೆ ನಮಗೂ ಎರಡು ಸಿಂಪರಣೆ ಉಳಿಯುತ್ತಿತ್ತು.

ಹಾಗೆಂದು ಹಿಗ್ಗಿಸಿದ ಫೋಟೋ ಒಂದನ್ನೇ ಕಳಿಸುವುದು ತಪ್ಪು. ಇಡೀ ಗಿಡ, ಒಂದು ಟೊಂಗೆ, ಒಂದು ಎಲೆ ಅಥವಾ ಕಾಯಿ, ಕೊನೆಗೆ ಮಸೂರದ್ದು, ಹೀಗೆ ನಾಲ್ಕು ಇರಲಿ. ಒಂದರಲ್ಲಿ ಮಕ್ಕಳ ಅಳತೆಪಟ್ಟಿಯನ್ನು ಪಕ್ಕಕ್ಕಿಡಿ. ನೋಡುವವರಿಗೆ ಗಾತ್ರ ತಿಳಿಯಲಿ. ಯಾವ ಬಹಾರ, ಮಳೆ ಯಾವಾಗ ಬಂತು, ಹಿಂದೆ ಏನು ಹೊಡೆದಿದ್ದೀರಿ ಎಂಬುದನ್ನು ಜೊತೆಗೆ ಬರೆಯಿರಿ. ವಾಟ್ಸಾಪಿನಲ್ಲಿ ಫೋಟೋವಾಗಿ ಕಳಿಸಿದರೆ ಅದು ಕುಗ್ಗಿ ಹೋಗುತ್ತದೆ; 'ಡಾಕ್ಯುಮೆಂಟ್' ಎಂದು ಆರಿಸಿ ಕಳಿಸಿದರೆ ತೆಗೆದಷ್ಟೇ ಸ್ಪಷ್ಟವಾಗಿ ತಲುಪುತ್ತದೆ. ನಮ್ಮಲ್ಲಿ ಕಚೇರಿಯ ಮಾತು ಮರಾಠಿ, ಮನೆಯ ಮಾತು ಕನ್ನಡ. ರೋಗದ ಲಕ್ಷಣವನ್ನು ಬಾಯಿಂದ ಹೇಳಲು ತಡವರಿಸುವ ತಾಯಂದಿರಿಗೆ ಒಂದು ಒಳ್ಳೆಯ ಫೋಟೋ ಎಷ್ಟೋ ಧೈರ್ಯ ಕೊಡುತ್ತದೆ.

ಮಸೂರದ ಮಿತಿಯನ್ನೂ ಹೇಳಬೇಕು. ಹುಳ, ನುಸಿ, ಬೂಷ್ಟು ಕಾಣುತ್ತವೆ. ದುಂಡಾಣು ಎಂದಿಗೂ ಕಾಣದು, ಅದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗದಷ್ಟರದು. ಭಾರತ ಮೂಲದ ವಿಜ್ಞಾನಿ ಮನು ಪ್ರಕಾಶ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಫೋಲ್ಡ್‌ಸ್ಕೋಪ್ ಎಂಬ ಕಾಗದದ ಸೂಕ್ಷ್ಮದರ್ಶಕ ಸುಮಾರು 140 ಪಟ್ಟು ಹಿಗ್ಗಿಸುತ್ತದೆ, ಮೊಬೈಲಿಗೂ ಅಂಟುತ್ತದೆ. ಶಾಲೆಯ ಮಕ್ಕಳಿಗೆ ಚೆಂದ. ಆದರೆ ಅದರಲ್ಲಿ ಕಂಡದ್ದನ್ನು ಗುರುತಿಸಲು ಕಲಿತವರು ಬೇಕು. ಅನುಮಾನ ಉಳಿದರೆ ಕಾಯಿ, ಎಲೆಯನ್ನು ಕಾಗದದಲ್ಲಿ ಸುತ್ತಿ ಸೋಲಾಪುರದ ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರದವರಿಗೆ ತೋರಿಸುವುದೇ ಸರಿ. 2005ರಲ್ಲಿ ಶುರುವಾದ ಈ ಕೇಂದ್ರ ನಮ್ಮ ನೆರೆಯ ಜಿಲ್ಲೆಯಲ್ಲೇ ಇದೆ.

ಆರೋಗ್ಯದ ಮಾತೊಂದು. ಸಿಂಪರಣೆ ಮಾಡಿದ ಕೈಯಲ್ಲೇ ಮೊಬೈಲ್ ಹಿಡಿದು, ಅದನ್ನೇ ಕೆನ್ನೆಗೆ ಒತ್ತಿ ಮಾತಾಡುವವರು ನಮ್ಮಲ್ಲಿ ಬಹಳ. ಆ ಮೊಬೈಲ್ ಆಮೇಲೆ ಮಗುವಿನ ಕೈಗೂ ಹೋಗುತ್ತದೆ. ಔಷಧ ಹೊಡೆದ ದಿನ ಫೋಟೋಕ್ಕೆಂದು ಸಾಲಿನೊಳಗೆ ಹೋಗಬೇಡಿ. ಫೋಟೋ ಮೊದಲು, ಔಷಧ ಆಮೇಲೆ. ಕೈಯನ್ನು ಸಾಬೂನಿನಿಂದ ತೊಳೆದು ಮೊಬೈಲ್ ಮುಟ್ಟಿ.

ಔಷಧದ ಬಾಟಲಿಯ ಸಣ್ಣ ಅಕ್ಷರ ಓದಲಾಗದ ಹಿರಿಯರಿಗೂ ಮೊಬೈಲ್ ಕ್ಯಾಮರಾ ಕೆಲಸಕ್ಕೆ ಬರುತ್ತದೆ. ಅದಕ್ಕೆ ಮಸೂರ ಕೂಡ ಬೇಡ. ಚೀಟಿಯ ಮೇಲಿನ ಬಣ್ಣದ ತ್ರಿಕೋನ ನೋಡಿ: ಕೆಂಪು ಅತ್ಯಂತ ವಿಷಕಾರಿ, ನಂತರ ಹಳದಿ, ನೀಲಿ, ಹಸಿರು. ಸಿಂಪರಣೆಯ ನಂತರ ಎಷ್ಟು ದಿನ ಕಾಯಿ ಕೀಳಬಾರದು ಎಂಬುದೂ ಆ ಚೀಟಿಯಲ್ಲೇ ಇರುತ್ತದೆ. ನಮ್ಮ ಮನೆಯ ಅಜ್ಜ ಈಗ ಅಂಗಡಿಯ ಕಟ್ಟೆಯ ಮೇಲೆ ಕೂತು, ಬಾಟಲಿಯ ಫೋಟೋ ತೆಗೆಸಿ, ದೊಡ್ಡದು ಮಾಡಿಸಿ, ಪೂರ್ತಿ ಓದಿಸಿಕೊಂಡ ಮೇಲೆಯೇ ಕಿಸೆಗೆ ಕೈ ಹಾಕುತ್ತಾರೆ.