ಟೆಸ್ಲಾ ಸುರುಳಿಗೆ ಸಾವಿರಾರು ವೋಲ್ಟ್ ಎಲ್ಲಿಂದ?

ಸಾದಲಿಯ ಕಾಲೇಜು ವಿದ್ಯಾರ್ಥಿಯೊಬ್ಬರು ನಮ್ಮ ಕಾರ್ಯಕ್ರಮಕ್ಕೆ ಹೀಗೆ ಬರೆದಿದ್ದಾರೆ: 'ಮನೆಯಲ್ಲೇ ಟೆಸ್ಲಾ ಸುರುಳಿ ಮಾಡುತ್ತಿದ್ದೇನೆ. ತಂತಿ ಸುತ್ತಿ ಮುಗಿದಿದೆ. ಅದಕ್ಕೆ ಬೇಕಾದ ಹೆಚ್ಚು ವೋಲ್ಟೇಜನ್ನು ಹೇಗೆ ಪಡೆಯಲಿ?' ಪ್ರಶ್ನೆ ಚಿಕ್ಕದು. ಆದರೆ ಉತ್ತರದಲ್ಲಿ ಪ್ರಾಣದ ಮಾತೂ ಇದೆ. ಆದ್ದರಿಂದ ನಿಧಾನವಾಗಿ ನೋಡೋಣ.

ಅಷ್ಟು ವೋಲ್ಟೇಜ್ ಏಕೆ?

ನಿಕೊಲಾ ಟೆಸ್ಲಾ 1891ರಲ್ಲಿ ರೂಪಿಸಿದ ಈ ಸಾಧನದಲ್ಲಿ ಮೊದಲು ಒಂದು ಕೆಪಾಸಿಟರ್ ವಿದ್ಯುತ್ತನ್ನು ತುಂಬಿಕೊಳ್ಳುತ್ತದೆ. ತುಂಬಿದೊಡನೆ ಎರಡು ಲೋಹದ ತುದಿಗಳ ನಡುವೆ ಕಿಡಿ ಹಾರುತ್ತದೆ. ಈ ಕಿಡಿಯೇ ಇಲ್ಲಿ ಸ್ವಿಚ್ಚು. ಆಗ ಶಕ್ತಿಯು ಕೆಪಾಸಿಟರ್ ಮತ್ತು ಮೊದಲ ಸುರುಳಿಯ ನಡುವೆ ಸೆಕೆಂಡಿಗೆ ಲಕ್ಷಾಂತರ ಸಲದ ವೇಗದಲ್ಲಿ ಓಲಾಡುತ್ತದೆ. ಎರಡನೆಯ ಸುರುಳಿಯೂ ಅದೇ ಆವೃತ್ತಿಗೆ ಹೊಂದಿಕೊಂಡಿದ್ದರೆ, ಸರಿಯಾದ ಹೊತ್ತಿಗೆ ತಳ್ಳಿದ ಉಯ್ಯಾಲೆಯಂತೆ ಅದರಲ್ಲಿ ವೋಲ್ಟೇಜ್ ಏರುತ್ತದೆ. ಇದೇ ಅನುರಣನ.

ಗಾಳಿಯಲ್ಲಿ ಒಂದು ಮಿಲಿಮೀಟರ್ ಕಿಡಿ ಹಾರಲು ಸುಮಾರು 3,000 ವೋಲ್ಟ್ ಬೇಕು. ಮನೆಯ 230 ವೋಲ್ಟ್‌ನಿಂದ ಅದು ಆಗದು. ಇನ್ನೊಂದು ಕಾರಣವೂ ಇದೆ. ಕೆಪಾಸಿಟರ್‌ನಲ್ಲಿ ಕೂಡುವ ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿರುತ್ತದೆ. 10 ನ್ಯಾನೊಫ್ಯಾರಡ್ ಕೆಪಾಸಿಟರ್ 230 ವೋಲ್ಟ್‌ನಲ್ಲಿ ಹಿಡಿಯುವುದು 0.00026 ಜೌಲ್, 10,000 ವೋಲ್ಟ್‌ನಲ್ಲಿ 0.5 ಜೌಲ್. ಅಂದರೆ ಸುಮಾರು 1,900 ಪಟ್ಟು!

ವೋಲ್ಟೇಜ್ ಏರಿಸುವುದು ಹೇಗೆ?

ನಿಮ್ಮೂರಿನ ಹೊಲದ ಬದಿಯ ಟ್ರಾನ್ಸ್‌ಫಾರ್ಮರನ್ನು ನೋಡಿದ್ದೀರಲ್ಲವೆ? ಅದು 11,000 ವೋಲ್ಟನ್ನು ಇಳಿಸಿ ಬೋರ್‌ವೆಲ್ ಪಂಪಿಗೂ ಮನೆಗೂ ಕೊಡುತ್ತದೆ. ಸುರುಳಿಯ ಸುತ್ತುಗಳ ಅನುಪಾತವನ್ನು ತಿರುಗಿಸಿದರೆ ವೋಲ್ಟೇಜ್ ಏರುತ್ತದೆ. ಏರಿದಷ್ಟೂ, ಅದೇ ಸಾಮರ್ಥ್ಯಕ್ಕೆ ಕರೆಂಟ್ ಕಡಿಮೆ ಸಾಕು. ತಂತಿ ಬಿಸಿಯಾಗಿ ಆಗುವ ನಷ್ಟವೂ ಕಡಿಮೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ, ಸುಮಾರು 147 ಕಿಲೋಮೀಟರ್ ದೂರ ವಿದ್ಯುತ್ ಕಳಿಸಲು ಸಾಧ್ಯವಾದದ್ದು ಈ ತತ್ತ್ವದಿಂದಲೇ.

ಟೆಸ್ಲಾ ಸುರುಳಿ ಮಾಡುವವರು ಹೆಚ್ಚಾಗಿ ಬಳಸಿರುವುದು ಅಂಗಡಿಗಳ ನಿಯಾನ್ ಫಲಕದ ಹಳೆಯ ಟ್ರಾನ್ಸ್‌ಫಾರ್ಮರ್. ಅದು ಸುಮಾರು 10,000 ವೋಲ್ಟ್ ಕೊಟ್ಟರೂ ಕರೆಂಟನ್ನು 30 ಮಿಲಿಆಂಪಿಯರ್ ಸುಮಾರಿಗೆ ತಾನೇ ತಡೆಯುತ್ತದೆ. ಕಿಡಿ ಹಾರುವಾಗ ಅದು ಸುಟ್ಟುಹೋಗದಿರಲು ಇದೇ ಕಾರಣ.

'ತಡೆಯುತ್ತದೆ' ಎಂದರೆ ಅಪಾಯವಿಲ್ಲವೆ?

ಇಲ್ಲೇ ಹಲವರು ಎಡವುತ್ತಾರೆ. 10 ಮಿಲಿಆಂಪಿಯರ್ ಕರೆಂಟಿಗೇ ಸ್ನಾಯುಗಳು ಬಿಗಿದು, ಹಿಡಿದ ತಂತಿಯನ್ನು ಬಿಡಲಾಗದೆ ಹೋಗಬಹುದು. 30 ಮಿಲಿಆಂಪಿಯರ್ ಎದೆಯ ಮೂಲಕ ಹರಿದರೆ ಪ್ರಾಣವೇ ಹೋಗಬಹುದು. ಮೈಕ್ರೋವೇವ್ ಒಲೆಯ ಟ್ರಾನ್ಸ್‌ಫಾರ್ಮರಿನಲ್ಲಿ ವೋಲ್ಟೇಜ್ ಸುಮಾರು 2,000 ಮಾತ್ರ. ಆದರೆ ಕರೆಂಟ್ ಇದಕ್ಕಿಂತ ಹತ್ತಾರು ಪಟ್ಟು ಹರಿಯಬಲ್ಲದು. ಅದನ್ನು ಮುಟ್ಟಿದವರಿಗೆ ಎರಡನೆಯ ಅವಕಾಶ ಸಿಗುವುದು ಅಪರೂಪ.

'ಟೆಸ್ಲಾ ಸುರುಳಿಯ ಆವೃತ್ತಿ ಹೆಚ್ಚು, ಅದು ಶಾಕ್ ಹೊಡೆಯದು' ಎಂಬ ಮಾತು ಕೇಳಿರಬಹುದು. ಮೇಲಿನ ಕಿಡಿಯ ಆವೃತ್ತಿ ಹೆಚ್ಚು, ನಿಜ. ಅದೂ ಸುಡುತ್ತದೆ. ಆದರೆ ಕೆಳಗಿನ ಟ್ರಾನ್ಸ್‌ಫಾರ್ಮರಿನದು ನಮ್ಮ ಮನೆಯ 50 ಹರ್ಟ್ಸ್. ಸ್ವಿಚ್ಚು ಆರಿಸಿದ ಮೇಲೂ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರಬಹುದು.

ಹಾಗಾದರೆ ಏನು ಮಾಡುವುದು?

ಮನೆಯ ವಿದ್ಯುತ್ತಿಗೆ ಜೋಡಿಸುವ ಹೆಚ್ಚು ವೋಲ್ಟೇಜ್ ಉಪಕರಣವನ್ನು ಒಬ್ಬರೇ ಮಾಡಲೇಬೇಡಿ. ನೀವು ಸುತ್ತಿದ ಸುರುಳಿ ವ್ಯರ್ಥವಾಗುವುದಿಲ್ಲ. ತೆಳುವಾದ ಎನಾಮಲ್ ತಂತಿಯ ಕೆಲವು ನೂರು ಸುತ್ತುಗಳಿದ್ದರೆ, ಒಂದು ಟ್ರಾನ್ಸಿಸ್ಟರ್, ಒಂದು ರೆಸಿಸ್ಟರ್, ಹೊರಗೆ ಮೂರು–ನಾಲ್ಕು ಸುತ್ತು ತಂತಿ ಮತ್ತು 9 ವೋಲ್ಟ್ ಬ್ಯಾಟರಿಯಿಂದ ಪುಟ್ಟ ಮಾದರಿ ಮಾಡಬಹುದು. ನಿಮ್ಮ ಭೌತಶಾಸ್ತ್ರದ ಮೇಷ್ಟ್ರನ್ನು ಜೊತೆಗಿಟ್ಟುಕೊಂಡು ಮಂಡಲವನ್ನು ಜೋಡಿಸಿ. ಸುರುಳಿಯ ತುದಿಯನ್ನು ಮುಟ್ಟದೆ, ಹತ್ತಿರಕ್ಕೆ ಸಣ್ಣ ಸಿಎಫ್ಎಲ್ ದೀಪವನ್ನು ಹಿಡಿಯಿರಿ. ತಂತಿಯ ಸಂಪರ್ಕವಿಲ್ಲದೆಯೇ ಅದು ಬೆಳಗುತ್ತದೆ. ಹಿಂದಕ್ಕೆ ಸರಿಸುತ್ತಾ ಎಷ್ಟು ದೂರದಲ್ಲಿ ಆರುತ್ತದೆಂದು ಅಳೆದು, ಸುತ್ತುಗಳನ್ನು ಬದಲಿಸಿ ಮತ್ತೆ ಅಳೆಯಿರಿ. ಫಲಿತಾಂಶವನ್ನು ನಮಗೂ ಬರೆದು ತಿಳಿಸಿ.